ಬಿಡುವ ಹೊತ್ತು ಬಂತೇ, ಬರೀ ದಣಿವೇ?

ಪ್ರಶ್ನೆ: ಮೇಡಂ, ಎಂಟು ವರ್ಷದಿಂದ ಒಂದೇ ಕಂಪನಿಯಲ್ಲಿದ್ದೇನೆ. ಗ್ರಾಹಕರ ದೂರು ನೋಡಿಕೊಳ್ಳುವ ವಿಭಾಗ. ಸಂಬಳ ಸಮಯಕ್ಕೆ ಬರುತ್ತದೆ, ಯಾರ ಜೊತೆಗೂ ಜಗಳವಿಲ್ಲ. ಆದರೂ ಭಾನುವಾರ ಸಂಜೆಯಾದರೆ ಹೊಟ್ಟೆಯಲ್ಲಿ ಸಂಕಟ ಶುರುವಾಗುತ್ತದೆ. ಮೊದಲೆಲ್ಲ ಒಂದೇ ಥರದ ದೂರು ಪದೇ ಪದೇ ಬಂದರೆ ಪಟ್ಟಿ ಮಾಡಿ ಮೇಲಿನವರಿಗೆ ಕಳಿಸುತ್ತಿದ್ದೆ. ಈಗ ಸುಮ್ನೆ ಕ್ಲೋಸ್ ಮಾಡಿ ಮುಂದಿನದಕ್ಕೆ ಹೋಗುತ್ತೇನೆ. ಇದು ಸೋಮಾರಿತನವೋ, ದಣಿವೋ, ಕೆಲಸ ಬಿಡುವ ಕಾಲವೋ? ಮನೆ ನಡೆಯುವುದು ನನ್ನ ಸಂಬಳದಿಂದಲೇ. ಬಿಟ್ಟರೆ ಎಂಟು ವರ್ಷದ ದುಡಿಮೆ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ ಆಗುವುದಿಲ್ಲವೇ? ನಾನೇ ಕೆಲಸ ಕಲಿಸಿದ ನಾಲ್ವರು ಕಿರಿಯರ ಗತಿ ಏನು?
– ಹೆಸರು ಬೇಡ

ಉತ್ತರ: ನಿಮ್ಮ ಪತ್ರವನ್ನು ಮೂರು ಸಲ ಓದಿದೆ. ನೀವು ಭಾನುವಾರದ ಸಂಕಟಕ್ಕೆ ಜಾಸ್ತಿ ಹೆದರಿದ್ದೀರಿ. ನನಗೆ ಹೆದರಿಕೆಯಾದದ್ದು ಅದರ ಮುಂದಿನ ಮಾತಿಗೆ. ಪಟ್ಟಿ ಕಳಿಸುವುದನ್ನು ನಿಲ್ಲಿಸಿದ್ದೀರಲ್ಲ, ಅದಕ್ಕೆ.

ಯಾಕೆ ಎಂದು ಹೇಳುತ್ತೇನೆ. ಈ ಅಂಕಣಕ್ಕೆ ಬರುವ ಮೊದಲು ನಾನು ಒಂದು ಮುದ್ರಣಾಲಯದಲ್ಲಿ 14 ವರ್ಷ ಪ್ರೂಫ್ ನೋಡುತ್ತಿದ್ದೆ. ಔಷಧಿ ಡಬ್ಬಿಯೊಳಗೆ ಮಡಚಿ ಇಡುತ್ತಾರಲ್ಲ, ಸಣ್ಣ ಅಕ್ಷರದ ಚೀಟಿ, ಅದನ್ನು ಮೂಲದ ಜೊತೆ ಹೋಲಿಸಿ ತಿದ್ದುವ ಕೆಲಸ. ಬಹಳ ಇಷ್ಟಪಟ್ಟು ಮಾಡುತ್ತಿದ್ದೆ. ಕೊನೆಯ ಎರಡು ವರ್ಷದಲ್ಲಿ ನೋಡಲು ಕೊಡುವ ಸಮಯ ಅರ್ಧವಾಯಿತು. ನಾನು ಗುರುತು ಹಾಕಿದ ತಪ್ಪುಗಳು ಹಾಗೇ ಅಚ್ಚಾಗಿ ಬರತೊಡಗಿದವು. ಮೊದಮೊದಲು ವಾದ ಮಾಡಿದೆ. ಆಮೇಲೆ ಚೀಟಿ ಬರೆದಿಟ್ಟೆ. ಆಮೇಲೆ ಅದನ್ನೂ ಬಿಟ್ಟೆ.

ಒಂದು ಸಂಜೆ 2.5 ಎಂದಿರಬೇಕಾದ ಕಡೆ 25 ಎಂದಿತ್ತು. ಚುಕ್ಕಿ ಬಿದ್ದುಹೋಗಿತ್ತು. ಕಣ್ಣಿಗೆ ಬಿತ್ತು. ‘ಯಾರಾದರೂ ನೋಡುತ್ತಾರೆ ಬಿಡು’ ಅಂದುಕೊಂಡು ಸಹಿ ಹಾಕಿ ಎದ್ದೆ. ಮೆಟ್ಟಿಲು ಅರ್ಧ ಇಳಿದಾಗ ಕಾಲು ನಡುಗಿತು. ಆ ಔಷಧಿ ತಗೊಳ್ಳುವವರು ಯಾರೋ ಇದ್ದಾರೆ, ಅಲ್ವಾ? ವಾಪಸ್ ಹತ್ತಿ, ಹಾಳೆ ಹುಡುಕಿ, ತಿದ್ದಿದೆ. ಆದರೆ ಇನ್ನು ಇಲ್ಲಿರಬಾರದು ಎಂದು ಆ ಮೆಟ್ಟಿಲ ಮೇಲೇ ಗೊತ್ತಾಗಿತ್ತು. ಅಲ್ಲಿದ್ದರೆ ನಾನು ನನಗೆ ಬೇಡವಾದ ಮನುಷ್ಯಳಾಗುತ್ತಿದ್ದೆ.

ಸಿಟ್ಟು ಬಂದಾಗ ಕೆಲಸ ಬಿಡಬೇಕಾಗಿಲ್ಲ. ಸಿಟ್ಟು ಬರುತ್ತದೆ ಎಂದರೆ ಇನ್ನೂ ಆಸೆ ಇದೆ. ನಿಮಗೆ ಸಿಟ್ಟೂ ಬರುತ್ತಿಲ್ಲ, ಅದನ್ನು ಗಮನಿಸಿ. ಸೋಮಾರಿತನವಂತೂ ಖಂಡಿತ ಅಲ್ಲ. ಸೋಮಾರಿಗಳು ಮೊದಲೂ ಪಟ್ಟಿ ಮಾಡುತ್ತಿರಲಿಲ್ಲ.

ಇನ್ನು ದಣಿವೋ ಅಲ್ಲವೋ ಎಂಬುದು. ವಿಶ್ವ ಆರೋಗ್ಯ ಸಂಸ್ಥೆ 2019ರಲ್ಲಿ ಬರ್ನ್‌ಔಟ್ ಎಂದರೇನು ಎಂದು ವಿವರಿಸಿತು. ಅದು ರೋಗವಲ್ಲ, ಕೆಲಸದ ಜಾಗದ ಒತ್ತಡ ಬಹುಕಾಲ ಸರಿಹೋಗದೆ ಉಳಿದಾಗ ಹುಟ್ಟುವ ಸ್ಥಿತಿ ಎಂದಿತು. ಅದಕ್ಕೆ ಮೂರು ಗುರುತು: ಶಕ್ತಿ ಬತ್ತಿಹೋಗುವುದು, ಕೆಲಸದಿಂದ ಮನಸ್ಸು ದೂರವಾಗುವುದು, ಮಾಡಿದ ಕೆಲಸ ಸಾಲದು ಅನ್ನಿಸುವುದು. ಮೊದಲನೆಯದಷ್ಟೇ ಇದ್ದರೆ ವಿಶ್ರಾಂತಿಯಿಂದ ಎಷ್ಟೋ ಸುಧಾರಿಸುತ್ತದೆ. ಎರಡನೆಯದು ಅಷ್ಟು ಸುಲಭಕ್ಕೆ ಹೋಗುವುದಿಲ್ಲ. ನಾನು 12 ದಿನ ರಜೆ ಹಾಕಿ ನೋಡಿದ್ದೆ. ಮೈ ಹಗುರವಾಗಿತ್ತು, ನಿದ್ದೆ ಸರಿಯಾಗಿತ್ತು. ವಾಪಸ್ ಬಂದ ದಿನ ಹತ್ತು ಗಂಟೆಗೆಲ್ಲ ಮನಸ್ಸು ಮತ್ತೆ ಮೊದಲಿನಂತೆಯೇ ಇತ್ತು. ನೀವೂ ರಜೆ ತಗೊಳ್ಳಿ. ಫೋನ್ ಮುಟ್ಟದ ರಜೆ. ಬಂದ ಮೇಲೆ ಮತ್ತೆ ಪಟ್ಟಿ ಮಾಡಬೇಕು ಅನ್ನಿಸಿದರೆ ನಿಮಗೆ ಬೇಕಿದ್ದದ್ದು ವಿಶ್ರಾಂತಿ ಅಷ್ಟೇ.

ಅನ್ನಿಸದಿದ್ದರೆ, ಬಿಡುವ ಮೊದಲು ಒಮ್ಮೆ ಬಾಯಿಬಿಟ್ಟು ಕೇಳಿ. ‘ಈ ದೂರುಗಳ ಮೂಲ ಸರಿಪಡಿಸುವ ಕೆಲಸ ನನಗೆ ಕೊಡಿ’ ಎಂದು ಕೇಳಿ. ‘ತುಂಬ ಒತ್ತಡ’ ಎಂದರೆ ಯಾರಿಗೂ ಏನೂ ಅರ್ಥವಾಗುವುದಿಲ್ಲ. ಉತ್ತರಕ್ಕೆ ಒಂದು ತಾರೀಖು ಇಟ್ಟುಕೊಳ್ಳಿ. ನಾನು ಇಟ್ಟುಕೊಳ್ಳಲಿಲ್ಲ. ‘ನೋಡೋಣ’ ಎಂಬ ಮಾತನ್ನು ನಂಬಿ ಏಳು ತಿಂಗಳು ಕಳೆದೆ.

ಎಂಟು ವರ್ಷ ವ್ಯರ್ಥವಾಗುತ್ತದೆ ಎಂಬ ಭಯ ನನಗೆ ಚೆನ್ನಾಗಿ ಗೊತ್ತು. 1985ರಲ್ಲಿ ಆರ್ಕ್ಸ್ ಮತ್ತು ಬ್ಲೂಮರ್ ಎಂಬ ಇಬ್ಬರು ಸಂಶೋಧಕರು ಒಂದು ಪ್ರಯೋಗದ ಬಗ್ಗೆ ಬರೆದರು. ಇಡೀ ವರ್ಷದ ನಾಟಕಗಳ ಟಿಕೆಟ್ ಕೊಳ್ಳಲು ಬಂದವರಲ್ಲಿ ಕೆಲವರಿಗೆ ಪೂರ್ತಿ ದರ ಹಾಕಿದರು, ಕೆಲವರಿಗೆ ರಿಯಾಯಿತಿ ಕೊಟ್ಟರು. ಯಾರಿಗೆ ಯಾವ ದರ ಎಂಬುದು ಬರೀ ಅದೃಷ್ಟ. ವರ್ಷದ ಮೊದಲರ್ಧದಲ್ಲಿ ಪೂರ್ತಿ ದುಡ್ಡು ಕೊಟ್ಟವರೇ ಹೆಚ್ಚು ನಾಟಕಕ್ಕೆ ಬಂದರು. ನಾಟಕ ಎಲ್ಲರಿಗೂ ಒಂದೇ. ಕೊಟ್ಟ ದುಡ್ಡು ಅವರನ್ನು ಎಳೆದು ತಂದಿತ್ತು. ನಿಮ್ಮ ಎಂಟು ವರ್ಷವೂ ಹಾಗೇ ಎಳೆಯುತ್ತಿದೆ. ಆ ಸಮಯ ಇದ್ದರೂ ವಾಪಸ್ ಬರುವುದಿಲ್ಲ, ಬಿಟ್ಟರೂ ಬರುವುದಿಲ್ಲ. ಕಲಿತದ್ದು ಮಾತ್ರ ನಿಮ್ಮ ಜೊತೆಗೇ ಬರುತ್ತದೆ. ಸಿಟ್ಟಾದ ಗ್ರಾಹಕರ ಮಾತನ್ನು ಎಂಟು ವರ್ಷ ಕೇಳಿಸಿಕೊಂಡಿದ್ದೀರಿ. ಅದು ಸಣ್ಣ ವಿದ್ಯೆಯಲ್ಲ.

ಮನೆ ನಿಮ್ಮ ಮೇಲಿದೆ, ಆದ್ದರಿಂದ ದಯವಿಟ್ಟು ನಾಳೆಯೇ ರಾಜೀನಾಮೆ ಕೊಡಬೇಡಿ. ಮೆಟ್ಟಿಲಿನ ಆ ಸಂಜೆಯ ನಂತರ ನಾನೂ ಐದು ತಿಂಗಳು ಅಲ್ಲೇ ಇದ್ದೆ. ತಿಂಗಳಿಗೆ ನಿಜಕ್ಕೂ ಎಷ್ಟು ಬೇಕು ಎಂದು ಲೆಕ್ಕ ಬರೆದೆ, ಕೈಲಿದ್ದದ್ದು ಎಷ್ಟು ತಿಂಗಳಿಗೆ ಸಾಲುತ್ತದೆ ಎಂದು ನೋಡಿದೆ, ಕೆಲಸದಲ್ಲಿದ್ದುಕೊಂಡೇ ಅರ್ಜಿ ಹಾಕಿದೆ. ಬಿಡುತ್ತೇನೆ ಎಂದು ನಿರ್ಧರಿಸಿದ ಮೇಲೆ ಭಾನುವಾರದ ಸಂಕಟವೂ ಕಡಿಮೆಯಾಯಿತು. ಆದರೆ ಸುಳ್ಳು ದಾಖಲೆ ಬರೆಯಿರಿ ಎಂದರೆ, ಅವಮಾನ ಮಾಡಿದರೆ, ಅಥವಾ ದೇಹ ಕೈಕೊಡುತ್ತಿದ್ದರೆ ಈ ಲೆಕ್ಕವೆಲ್ಲ ಬೇಡ. ಬೇಗ ಹೊರಗೆ ಬನ್ನಿ, ಮನೆಯವರಿಗೆ ಇವತ್ತೇ ಹೇಳಿ.

ಆ ನಾಲ್ವರ ಬಗ್ಗೆ. ಬಿಡುವ ಮೊದಲು ನಾನು ಒಂದು ನೋಟ್‌ಪುಸ್ತಕ ತುಂಬ ಬರೆದಿಟ್ಟೆ. ಚುಕ್ಕಿ ಎಲ್ಲಿ ಬೀಳುತ್ತದೆ, ಯಾವ ಅಂಕಿಯನ್ನು ಕಣ್ಣು ತಪ್ಪಿ ಓದುತ್ತದೆ, ಯಾವುದನ್ನು ಗಟ್ಟಿಯಾಗಿ ಓದಿಯೇ ಹೋಲಿಸಬೇಕು, ಎಲ್ಲ. ನೀವು ಕಳಿಸದೆ ಬಿಟ್ಟ ಆ ಪಟ್ಟಿಯನ್ನು ಅವರಿಗಾಗಿ ಬರೆಯಿರಿ. ಅದಕ್ಕೆ ಒಂದು ತಿಂಗಳಾದರೂ ಬೇಕು. ಹೋಗುವುದೋ ಇರುವುದೋ ತೀರ್ಮಾನವಾಗುವ ತನಕ ಕಾಯಬೇಡಿ, ಈ ವಾರವೇ ಶುರು ಮಾಡಿ.