ಅಪ್ಪನ ಕೊನೆಯ ದಿನಗಳು: ಕಾಸರಗೋಡಿನಲ್ಲಿ ಯಾರ ಸಹಾಯ ಸಿಗುತ್ತದೆ?

ಕ್ಯಾನ್ಸರ್ ಕೊನೆಯ ಹಂತ, ಆಸ್ಪತ್ರೆಯಿಂದ ಮನೆಗೆ ಕಳಿಸಿದ್ದಾರೆ, ನಿಮಗೂ ತಡೆಯಲಾಗುತ್ತಿಲ್ಲ ಎಂದಿದ್ದೀರಿ. ಮೊದಲು ವಾರ್ಡಿನ ಆಶಾ ಕಾರ್ಯಕರ್ತೆಗೆ ಹೇಳಿ. ಕೇರಳದಲ್ಲಿ 2008ರಿಂದಲೇ ಪಾಲಿಯೇಟಿವ್ ಕೇರ್ (ನೋವು, ಸಂಕಟ ತಗ್ಗಿಸುವ ಆರೈಕೆ) ನೀತಿ ಇದೆ. ಪಂಚಾಯತಿನ ಪಾಲಿಯೇಟಿವ್ ನರ್ಸ್ ಮನೆಗೇ ಬಂದು ಗಾಯ ತೊಳೆದು ಡ್ರೆಸ್ಸಿಂಗ್ ಮಾಡುತ್ತಾರೆ, ಟ್ಯೂಬ್ ಬದಲಿಸುತ್ತಾರೆ. ಅವರಿಗೆ ಮಲಯಾಳ ಮಾತ್ರ ಬರುವುದಾದರೆ ಕನ್ನಡ, ಮಲಯಾಳ ಎರಡೂ ಬಲ್ಲವರೊಬ್ಬರು ಅಪ್ಪನ ಪಕ್ಕದಲ್ಲಿರಲಿ. ನೋವು ಎಲ್ಲಿ, ಎಷ್ಟು ಅಂತ ಹೇಳಲು ಸ್ವಂತ ಭಾಷೆಯೇ ಬೇಕು, ಅಲ್ವಾ?

ಭಜನೆ, ಪುರಾಣ ಓದುವುದೆಲ್ಲ ಅಪ್ಪ ಕೇಳಿದರೆ ಮಾತ್ರ. ಸುಮ್ನೆ ಉಪದೇಶ ಬೇಡ.

ದುಃಖ ಜಾಸ್ತಿ ಕಾಡುವುದು ಹೆಚ್ಚಾಗಿ ಬೊಜ್ಜ (ಉತ್ತರಕ್ರಿಯೆ) ಮುಗಿದು ನೆಂಟರೆಲ್ಲ ಹೊರಟ ಮೇಲೆ. ಆದರೆ ಅಲ್ಲಿಯವರೆಗೆ ಕಾಯಬೇಡಿ. ಈಗಲೇ ನಿದ್ದೆ, ಊಟ ಬಿಟ್ಟುಹೋಗಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ. ಉಚಿತ, ರಾತ್ರಿಯೂ ಸಿಗುತ್ತದೆ, ಭಾಷೆಯ ಆಯ್ಕೆಯಲ್ಲಿ ಕನ್ನಡವೂ ಇದೆ.