ಮಂಗಳವಾರ ಸಂಜೆ ಸ್ಟೇಷನ್ನಿಗೆ ಯಾಕೆ ಹೋಗ್ತೀರಿ?

ದಾವಣಗೆರೆಯಿಂದ ಒಬ್ಬರು ಹೆಡ್ ಕಾನ್‌ಸ್ಟೆಬಲ್ ಪತ್ರ ಬರೆದಿದ್ದಾರೆ. ನೈಟ್ ಡ್ಯೂಟಿಯಲ್ಲಿದ್ದಾಗ, ರಾತ್ರಿ ಎರಡೂವರೆಗೆ, ಠಾಣೆಯ ಬೆಂಚಿನ ಮೇಲೆ ಕೂತು ಬರೆದದ್ದಂತೆ. ನಾಲ್ಕು ಪುಟ. ಅಕ್ಷರ ದುಂಡಗಿದೆ. ವರ್ಷಗಟ್ಟಲೆ ಬೇರೆಯವರ ಹೇಳಿಕೆ ಬರೆದುಕೊಂಡ ಕೈ ಅಲ್ವಾ.

ವಿಷಯ ಇಷ್ಟು. ವಯಸ್ಸು 42, ಸರ್ವೀಸ್ 18 ವರ್ಷ. ಹೆಂಡತಿ, ಒಂಬತ್ತನೇ ಕ್ಲಾಸಿನ ಮಗಳು. ಗಣಪತಿ ಬಿಡೋವಾಗ ಬಂದೋಬಸ್ತ್, ಡಿಸೆಂಬರ್ ಬಂದರೆ ಬೆಳಗಾವಿ ಅಧಿವೇಶನ, ನಡುವೆ ಎಲೆಕ್ಷನ್. ಮಗಳ ಶಾಲೆಯ ಮೀಟಿಂಗಿಗೆ ಒಂದು ಸಲವೂ ಹೋಗಿಲ್ಲ. ಮನೆಯಲ್ಲಿ ಮಾತೇ ಕಮ್ಮಿಯಾಗಿದೆ. ಈಗ ಬಾಮೈದ ಬೆಂಗಳೂರಿನ ಒಂದು ಅಪಾರ್ಟ್‌ಮೆಂಟಿನಲ್ಲಿ ಸೆಕ್ಯೂರಿಟಿ ಸೂಪರ್‌ವೈಸರ್ ಕೆಲಸ ನೋಡಿದ್ದಾನೆ. ಎಂಟೇ ಗಂಟೆ ಡ್ಯೂಟಿ, ಭಾನುವಾರ ರಜೆ ಅಂತೆ. ಹೆಂಡತಿಯನ್ನು ಕೇಳಿದರೆ ‘ನಿಮ್ಮಿಷ್ಟ’ ಅಂದರಂತೆ. ‘ಕೆಲಸ ಬಿಡಲಾ ಮೇಡಂ?’

ಮೊದಲು ಇಲಾಖೆಯ ಪಾಲು ಹೇಳಿಬಿಡುತ್ತೇನೆ. ಕಾಮನ್ ಕಾಸ್ ಸಂಸ್ಥೆ ಮತ್ತು ಲೋಕನೀತಿ ಎಂಬ ಸಂಶೋಧನಾ ತಂಡದವರು 2019ರಲ್ಲಿ ತಂದ ವರದಿಯ ಪ್ರಕಾರ ನಮ್ಮ ದೇಶದ ಪೊಲೀಸರು ದಿನಕ್ಕೆ ಸರಾಸರಿ 14 ಗಂಟೆ ದುಡಿಯುತ್ತಾರೆ. ಇಬ್ಬರಲ್ಲಿ ಒಬ್ಬರಿಗೆ ವಾರದ ರಜೆಯೇ ಇಲ್ಲ. ಪೊಲೀಸರು ಸದಾ ಡ್ಯೂಟಿಯಲ್ಲಿ ಇರುವವರು ಎಂದು 1861ರ ಪೊಲೀಸ್ ಕಾಯ್ದೆಯ 22ನೇ ಕಲಮಿನಲ್ಲಿ ಬ್ರಿಟಿಷರು ಬರೆದಿಟ್ಟು ಹೋದರು. ಕರ್ನಾಟಕಕ್ಕೆ 1963ರಲ್ಲಿ ಬೇರೆ ಕಾಯ್ದೆ ಬಂತು, ಹಳೇ ಚಾಳಿ ಹೋಗಲಿಲ್ಲ. 2016ರ ಜೂನ್ 4ಕ್ಕೆ ರಾಜ್ಯದ ಪೊಲೀಸರೆಲ್ಲ ಸಾಮೂಹಿಕ ರಜೆ ಹಾಕೋಣ ಅಂತ ಕರೆ ಬಂದಿದ್ದು ನಿಮಗೂ ನೆನಪಿರುತ್ತದೆ. ಸಂಬಳದಷ್ಟೇ ರಜೆಯೂ ಆಗ ದೊಡ್ಡ ಮಾತಾಗಿತ್ತು. ಹಾಗಾಗಿ ನೀವು ಸುಸ್ತಾಗಿದ್ದೀರಿ ಅಂದರೆ ನಂಬುತ್ತೇನೆ.

ಆದರೆ ಸರ್, ಮೂರನೇ ಪುಟದಲ್ಲಿ ಕಂಸ ಹಾಕಿ ಒಂದು ಸಾಲು ಬರೆದಿದ್ದೀರಿ. ‘ಮಂಗಳವಾರ ವೀಕ್ಲಿ ಆಫ್ ಇರುತ್ತೆ, ಸಂಜೆ ಸುಮ್ನೆ ಸ್ಟೇಷನ್ ಕಡೆ ಒಂದು ರೌಂಡ್ ಹೋಗಿ ಬರ್ತೀನಿ.’

ಯಾರೂ ಕರೆದಿಲ್ಲ. ರೋಲ್ ಕಾಲ್ ಇಲ್ಲ. ಆದರೂ ಐದೂವರೆಗೆ ಬೈಕ್ ತೆಗೆಯುತ್ತೀರಿ. ಯಾಕೆ?

ನನಗೆ ತೋಚಿದ್ದು ಹೇಳುತ್ತೇನೆ. ಸ್ಟೇಷನ್ನಿಗೆ ಹೋದರೆ ನಿಮ್ಮನ್ನು ಕೇಳುವವರು ಇದ್ದಾರೆ. ಬಸ್ ಸ್ಟ್ಯಾಂಡಿನಲ್ಲಿ ತಪ್ಪಿಸಿಕೊಂಡಿದ್ದ ಹುಡುಗನನ್ನು ಹರಿಹರದ ಅವರಮ್ಮನಿಗೆ ಒಪ್ಪಿಸಿದ್ದನ್ನು ಒಂದಿಡೀ ಪುಟ ಬರೆದಿದ್ದೀರಿ, ಅವನು ಹಾಕಿದ್ದ ಶರ್ಟಿನ ಬಣ್ಣದ ಸಮೇತ. ಕೆಲಸ ಬೇಜಾರಾದವರು ಹೀಗೆ ಬರೆಯುವುದಿಲ್ಲ. ಮಗಳ ಬಗ್ಗೆ ಇರುವುದು ನಾಲ್ಕೇ ಸಾಲು. ಅದರಲ್ಲೂ ಎರಡು ಹೀಗಿವೆ: ‘ಟ್ಯೂಷನ್ನಿಂದ ಬಂದ ತಕ್ಷಣ ಎಷ್ಟೊತ್ತಿಗೆ ಬಿಟ್ರು, ಯಾರ ಜೊತೆ ಬಂದೆ ಅಂತ ಕೇಳ್ತೀನಿ. ಅವಳು ಉತ್ತರ ಕೊಟ್ಟು ರೂಮಿಗೆ ಹೋಗ್ತಾಳೆ.’

ಹೋಗದೆ ಏನು ಮಾಡ್ತಾಳೆ? ಅದು ವಿಚಾರಣೆ. ಹೇಳಿಕೆ ಕೊಟ್ಟಾಯ್ತು, ಹೊರಟಳು.

ಗ್ರೀನ್‌ಹಾಸ್ ಮತ್ತು ಬ್ಯೂಟೆಲ್ ಎಂಬ ಇಬ್ಬರು ಸಂಶೋಧಕರು 1985ರಲ್ಲೇ ಇದನ್ನು ಬಿಡಿಸಿ ಬರೆದಿದ್ದಾರೆ. ಕೆಲಸಕ್ಕೂ ಮನೆಗೂ ಜಗಳ ಹತ್ತುವುದು ಮೂರು ಕಾರಣಕ್ಕಂತೆ. ಸಮಯ ಸಾಲದೆ, ಕೆಲಸದ ಸುಸ್ತನ್ನು ಮನೆಗೆ ಹೊತ್ತು ತಂದು, ಇನ್ನು ಕೆಲಸದಲ್ಲಿ ನಡೆಯುವ ವರಸೆ ಮನೆಯಲ್ಲಿ ನಡೆಯದೆ. ನೀವು ಮೊದಲನೆಯದನ್ನೇ ಹಿಡಿದು ನಾಲ್ಕು ಪುಟ ಬರೆದಿದ್ದೀರಿ. ನನಗೆ ಕಾಣುತ್ತಿರುವುದು ಮೂರನೆಯದು. ನಿಮ್ಮ ಆ ದನಿಗೆ ಸ್ಟೇಷನ್ನಿನಲ್ಲಿ ಬೆಲೆ ಇದೆ, ಮನೆಯಲ್ಲಿ ಬಾಗಿಲು ಮುಚ್ಚುತ್ತದೆ. ಅದಕ್ಕೇ ಬೈಕು ತಾನಾಗಿಯೇ ಸ್ಟೇಷನ್ ಕಡೆ ತಿರುಗುತ್ತದೆ.

ನನ್ನ ಸೋದರಮಾವ ದಫೇದಾರರಾಗಿದ್ದರು. ರಿಟೈರ್ ಆದ ಮೇಲೂ ಬೆಳಿಗ್ಗೆ ಎಂಟಕ್ಕೆ ಸರಿಯಾಗಿ ಠಾಣೆ ಎದುರಿನ ಚಹಾದಂಗಡಿಯಲ್ಲಿ ಹಾಜರಿ. ಹನ್ನೊಂದು ವರ್ಷ. ಮನೆಯಲ್ಲಿ ಅತ್ತೆ ಒಬ್ಬರೇ ತಿಂಡಿ ತಿನ್ನೋರು.

ಈಗ ಬಾಮೈದ. ‘ಒಳ್ಳೆಯವನು, ಆಗಾಗ ಸಣ್ಣಪುಟ್ಟ ಸಹಾಯ ಕೇಳ್ತಾನೆ’ ಅಂದಿದ್ದೀರಿ. ಅವನ ಗೆಳೆಯನ ಬೈಕು ಬಿಡಿಸೋದು, ಇನ್ಯಾರದೋ ಪಾಸ್‌ಪೋರ್ಟ್ ವೆರಿಫಿಕೇಷನ್ ಬೇಗ ಮಾಡಿಸೋದು, ಎಲ್ಲವೂ ನಿಮ್ಮ ಆ ಒಂದು ಮಂಗಳವಾರವೇ. ಇಲಾಖೆ ತಿಂದು ಉಳಿಸಿದ್ದನ್ನು ಈತ ತಿನ್ನುತ್ತಿದ್ದಾನೆ. ಈಗ ಕೆಲಸವನ್ನೂ ಬಿಡಿಸಲು ನೋಡ್ತಾನೆ. ಅವನು ಹೇಳುವ ಎಂಟು ಗಂಟೆಯನ್ನೂ ನಾನು ನಂಬುವುದಿಲ್ಲ. ನಾನು ನೋಡಿದ ಅಪಾರ್ಟ್‌ಮೆಂಟುಗಳಲ್ಲೆಲ್ಲ ಸೆಕ್ಯೂರಿಟಿಯವರದು ಹನ್ನೆರಡು ಗಂಟೆಯ ಪಾಳಿ. ಅದೂ ಇರಲಿ, ಮಗಳ ಎಸ್ಸೆಸ್ಸೆಲ್ಸಿ ಮುಗಿಯುವ ತನಕ ಅಮ್ಮ ಮಗಳು ದಾವಣಗೆರೆಯಲ್ಲೇ ಇರ್ತಾರೆ ಅಂತ ನೀವೇ ಬರೆದಿದ್ದೀರಿ. ಮನೆಯವರ ಜೊತೆ ಇರಬೇಕು ಅಂತ 260 ಕಿಲೋಮೀಟರ್ ದೂರ ಹೋಗೋದಾ?

ರಾತ್ರಿ ಹನ್ನೊಂದರ ಮೇಲೆ ಯಾವ ತೀರ್ಮಾನವನ್ನೂ ಮಾಡಬೇಡಿ ಅಂತ ಈ ಅಂಕಣದಲ್ಲಿ ಎಷ್ಟು ಸಲ ಬರೆದಿದ್ದೇನೋ. ನಿಮಗೂ ಅದೇ. ರಾಜೀನಾಮೆ ಮಾತು ಮಗಳ ಪರೀಕ್ಷೆ ಮುಗಿಯುವ ತನಕ ಬೇಡ. ಹೆಂಡತಿಯ ‘ನಿಮ್ಮಿಷ್ಟ’ವನ್ನು ಒಪ್ಪಿಗೆ ಅಂದುಕೊಳ್ಳಬೇಡಿ. ಗ್ಯಾಸ್, ಫೀಸು, ನಿಮ್ಮ ತಾಯಿಯ ಬಿಪಿ ಮಾತ್ರೆ ಎಲ್ಲವನ್ನೂ ಇಷ್ಟು ವರ್ಷ ಒಬ್ಬರೇ ನೋಡಿಕೊಂಡವರು ಅವರು. ನಿಮ್ಮನ್ನು ಕೇಳಿ ಮಾಡುವ ಅಭ್ಯಾಸವೇ ತಪ್ಪಿಹೋಗಿದೆ, ಪಾಪ.

ನಾನು ಹೇಳುವುದು ಒಂದೇ ಕೆಲಸ. ಬೆಳಗಾವಿ ಬಂದೋಬಸ್ತಿಗೆ ಹೋದಾಗ, ಉಳಿದುಕೊಂಡಿದ್ದ ಕಲ್ಯಾಣಮಂಟಪದಲ್ಲಿ ಹದಿನೈದು ಜನಕ್ಕೆ ಮಂಡಕ್ಕಿ ಒಗ್ಗರಣೆ ಮಾಡಿ ಸೈ ಅನ್ನಿಸಿಕೊಂಡೆ ಅಂತ ಬರೆದಿದ್ದೀರಲ್ಲ. ಮನೆಯಲ್ಲಿ ಒಂದು ಸಲವಾದರೂ ಮಾಡಿದ್ದೀರಾ? ಬರುವ ಮಂಗಳವಾರ ಐದೂವರೆಗೆ ಬೈಕಿನ ಕೀಲಿ ಮುಟ್ಟಬೇಡಿ, ಬಾಣಲೆ ಇಡಿ. ಈರುಳ್ಳಿ, ಹಸಿಮೆಣಸಿನಕಾಯಿ ನೀವೇ ಹೆಚ್ಚಿ. ಹುರಿಗಡಲೆ ಪುಡಿ ಯಾವ ಡಬ್ಬಿಯಲ್ಲಿದೆ ಅಂತ ಗೊತ್ತಿರಲ್ಲ, ಹೆಂಡತಿಯನ್ನು ಕೇಳಿ. ಮಗಳು ಟ್ಯೂಷನ್ನಿಂದ ಬಂದಾಗ ‘ಎಷ್ಟೊತ್ತಿಗೆ ಬಿಟ್ರು’ ಅನ್ನಬೇಡಿ. ಉಪ್ಪು ಸಾಕಾ ನೋಡು ಅಂತ ಒಂದು ಚಮಚ ಅವಳ ಕೈಗೆ ಕೊಡಿ. ಪ್ರತಿ ಮಂಗಳವಾರ ಇದೇ.

ಸ್ಟೇಷನ್ನಿಂದ ನಿಜವಾಗಿ ಕರೆ ಬಂದರೆ ಹೋಗಲೇಬೇಕು, ಒಲೆ ಆರಿಸಿ ಹೋಗಿ. ಬಾಮೈದನ ಫೋನ್ ಆದರೆ ಮಗಳೇ ಎತ್ತಲಿ. ಅಪ್ಪ ಮಂಡಕ್ಕಿ ಹಿಂಡ್ತಿದ್ದಾರೆ, ಕೈ ಒದ್ದೆ ಅಂತ ಹೇಳಲಿ.