ಓದುಗರ ಪ್ರಶ್ನೆ: ಬೋಟಿನ ಇಂಜಿನ್ ವೇಗ ಹಿಡಿತಕ್ಕೆ ಸಿಗದಿದ್ದಾಗ

ಪ್ರಶ್ನೆ: ನಮ್ಮದು ಗಂಗೊಳ್ಳಿಯ ಟ್ರಾಲ್ ಬೋಟು, ಆರು ಸಿಲಿಂಡರಿನ ಡೀಸೆಲ್ ಇಂಜಿನ್. ಮಳೆಗಾಲದ ನಿಷೇಧ ಮುಗಿದು ಕಡಲಿಗೆ ಇಳಿದ ದಿನದಿಂದ ಇಂಜಿನ್ನಿನ ವೇಗ ಒಂದು ಹದದಲ್ಲಿ ನಿಲ್ಲುತ್ತಿಲ್ಲ. ಐಡ್ಲಿಂಗ್‌ನಲ್ಲಿ 600ರಿಂದ 850 ಆರ್‌ಪಿಎಂವರೆಗೆ ಏರುತ್ತದೆ, ಮತ್ತೆ ಇಳಿಯುತ್ತದೆ. ಬಲೆ ಎಳೆಯಲು ಆರಂಭಿಸಿ ಎರಡು ಗಂಟೆಯಾಗುವಷ್ಟರಲ್ಲಿ 1,500ರಲ್ಲಿದ್ದ ವೇಗ 1,200ಕ್ಕೆ ಕುಸಿಯುತ್ತದೆ. ಇಂಜಿನ್ ನಿಲ್ಲಿಸಿ ಸ್ವಲ್ಪ ಹೊತ್ತು ಬಿಟ್ಟು ಚಾಲೂ ಮಾಡಿದರೆ ಸರಿಯಾಗುತ್ತದೆ. ಎರಡೂ ಫಿಲ್ಟರ್ ಬದಲಿಸಿದ್ದೇವೆ. ಇಂಜಿನ್ನಿನ ವೇಗವನ್ನು ಹದದಲ್ಲಿಡುವ ಗವರ್ನರ್ ಕೆಟ್ಟಿದೆ, ಸಿಲಿಂಡರುಗಳಿಗೆ ಡೀಸೆಲ್ ಒತ್ತುವ ಇಂಜೆಕ್ಷನ್ ಪಂಪಿನ ಸೀಲು ಬಿಚ್ಚಿ ಹೊಂದಿಸಬೇಕು ಎಂದು ಮೆಕ್ಯಾನಿಕ್ ಹೇಳುತ್ತಿದ್ದಾರೆ. ಒಪ್ಪಬಹುದೇ?

ಉತ್ತರ: ದಯವಿಟ್ಟು ಈಗಲೇ ಒಪ್ಪಬೇಡಿ. ನೀವು ಬರೆದಿರುವ ಲಕ್ಷಣಗಳಲ್ಲಿ ಎರಡನೆಯದು, ಅಂದರೆ ಎರಡು ಗಂಟೆಯ ಬಳಿಕ ವೇಗ ಕುಸಿದು, ನಿಲ್ಲಿಸಿದ ಮೇಲೆ ಸುಧಾರಿಸುವುದು, ಗವರ್ನರಿನ ದೋಷದಂತೆ ಕಾಣುವುದಿಲ್ಲ. ಗವರ್ನರ್ ಕೆಟ್ಟಿದ್ದರೆ ಅದು ಮೊದಲ ನಿಮಿಷದಲ್ಲಿಯೂ ಕೆಟ್ಟಿರುತ್ತದೆ. ವಿಶ್ರಾಂತಿ ಕೊಟ್ಟರೆ ಸರಿಹೋಗುವ ದೋಷವನ್ನು ಮೊದಲು ಹುಡುಕಬೇಕಾದದ್ದು ಟ್ಯಾಂಕಿನಲ್ಲಿ.

ಬೋಟುಗಳಲ್ಲಿ ಸಾಮಾನ್ಯವಾಗಿರುವ ಎಲ್ಲ ವೇಗಗಳ ಗವರ್ನರಿನಲ್ಲಿ ಬೋಟು ನಡೆಸುವ ತಾಂಡೇಲರ ಕೈಯಲ್ಲಿರುವ ಲಿವರ್ ನೇರವಾಗಿ ಡೀಸೆಲ್ ಪ್ರಮಾಣವನ್ನು ನಿರ್ಧರಿಸುವುದಿಲ್ಲ. ಅದು ಒಳಗಿನ ಸ್ಪ್ರಿಂಗಿನ ಬಿಗಿತವನ್ನು ಬದಲಿಸಿ, ಇಷ್ಟು ವೇಗ ಬೇಕು ಎಂದು ಕೇಳುತ್ತದೆ, ಅಷ್ಟೆ. ಪಂಪಿನ ಶಾಫ್ಟಿನ ಜೊತೆ ತಿರುಗುವ ತೂಕದ ಗುಂಡುಗಳು ವೇಗ ಹೆಚ್ಚಿದಾಗ ಹೊರಕ್ಕೆ ಚಿಮ್ಮಿ, ಡೀಸೆಲ್ ಪ್ರಮಾಣವನ್ನು ನಿಯಂತ್ರಿಸುವ ಸರಳಾದ ರ‍್ಯಾಕನ್ನು ಕಡಿಮೆ ಡೀಸೆಲ್ಲಿನ ಕಡೆಗೆ ಸರಿಸುತ್ತವೆ. ವೇಗ ತಗ್ಗಿದಾಗ ಸ್ಪ್ರಿಂಗ್ ಗೆದ್ದು ಡೀಸೆಲ್ ಹೆಚ್ಚಿಸುತ್ತದೆ. ಪಂಪಿಗೆ ಬರುವ ಡೀಸೆಲ್ಲಿನಲ್ಲಿ ಗಾಳಿಯ ಗುಳ್ಳೆ ಇದ್ದರೆ ವೇಗ ಒಮ್ಮೆ ತಗ್ಗುತ್ತದೆ, ಗವರ್ನರ್ ರ‍್ಯಾಕನ್ನು ತೆರೆಯುತ್ತದೆ, ಅಷ್ಟರಲ್ಲಿ ಶುದ್ಧ ಡೀಸೆಲ್ ಬಂದು ವೇಗ ಹಾರುತ್ತದೆ, ಗವರ್ನರ್ ಮತ್ತೆ ಮುಚ್ಚುತ್ತದೆ. ನಾವು ಹಂಟಿಂಗ್ ಎಂದು ಕರೆಯುವ ಏರಿಳಿತ ಅನೇಕ ಬಾರಿ ಇದೇ ಆಗಿರುತ್ತದೆ: ಗವರ್ನರ್ ತನ್ನ ಕೆಲಸವನ್ನು ಸರಿಯಾಗಿಯೇ ಮಾಡುತ್ತಿರುತ್ತದೆ, ಅದಕ್ಕೆ ಸಿಗುವ ಡೀಸೆಲ್ ಸರಿಯಿರುವುದಿಲ್ಲ.

ಆದ್ದರಿಂದ ಮೊದಲ ಪರೀಕ್ಷೆಗೆ ಒಂದು ಸ್ವಚ್ಛವಾದ ಕ್ಯಾನ್ ಮತ್ತು ಎರಡು ಹೊಸ ಹೋಸ್ ಸಾಕು. ಕ್ಯಾನಿಗೆ ಸೋಸಿದ ಡೀಸೆಲ್ ತುಂಬಿ, ಟ್ಯಾಂಕಿನಿಂದ ಡೀಸೆಲ್ ಎಳೆದು ತರುವ ಫೀಡ್ ಪಂಪಿನ ಮಟ್ಟಕ್ಕಿಂತ ತುಸು ಮೇಲೆ ಅಲುಗಾಡದಂತೆ ಕಟ್ಟಿ, ಫೀಡ್ ಪಂಪಿಗೆ ನೇರವಾಗಿ ಜೋಡಿಸಿ. ಉಳಿದ ಡೀಸೆಲ್ ಮರಳುವ ರಿಟರ್ನ್ ಪೈಪನ್ನೂ ಅದೇ ಕ್ಯಾನಿಗೆ ಬಿಡಬೇಕು. ಇದನ್ನು ಮರೆತರೆ ಕ್ಯಾನ್ ಬೇಗನೆ ಬರಿದಾಗಿ ಪಂಪ್ ಗಾಳಿ ಎಳೆದುಕೊಳ್ಳುತ್ತದೆ ಮತ್ತು ಪರೀಕ್ಷೆಯೇ ತಪ್ಪು ಉತ್ತರ ಕೊಡುತ್ತದೆ. ಪೈಪಿನಲ್ಲಿ ಸಿಕ್ಕಿದ ಗಾಳಿ (ಏರ್) ತೆಗೆದು ಇಂಜಿನ್ ಓಡಿಸಿ. ಕ್ಯಾನಿನ ಡೀಸೆಲ್ಲಿನಲ್ಲಿ ವೇಗ ಒಂದೇ ಸಮನೆ ನಿಂತರೆ ದೋಷ ಟ್ಯಾಂಕಿನಿಂದ ಫೀಡ್ ಪಂಪಿನವರೆಗಿನ ದಾರಿಯಲ್ಲಿದೆ ಎಂದು ತಿಳಿಯಿರಿ. ಇಂಜೆಕ್ಷನ್ ಪಂಪನ್ನು ಮುಟ್ಟುವ ಅಗತ್ಯವೇ ಇಲ್ಲ.

ಆ ದಾರಿಯಲ್ಲಿ ನೋಡಬೇಕಾದದ್ದು ಬಹಳವಿದೆ. ಕರ್ನಾಟಕದ ಕರಾವಳಿಯಲ್ಲಿ ಯಾಂತ್ರೀಕೃತ ಬೋಟುಗಳು ಜೂನ್ 1ರಿಂದ ಜುಲೈ 31ರವರೆಗೆ, ಅಂದರೆ 61 ದಿನ ದಡದಲ್ಲಿಯೇ ಇರುತ್ತವೆ. ಆ ಎರಡು ತಿಂಗಳ ತೇವದಲ್ಲಿ, ಅರ್ಧ ಖಾಲಿಯಿರುವ ಟ್ಯಾಂಕಿನ ಒಳಗೋಡೆಯ ಮೇಲೆ ನೀರು ಬೆವರಿನಂತೆ ಕಟ್ಟಿ ತಳಕ್ಕೆ ಇಳಿಯುತ್ತದೆ. ನೀರು ಮತ್ತು ಡೀಸೆಲ್ ಕೂಡುವ ಪದರದಲ್ಲಿ ಸೂಕ್ಷ್ಮಜೀವಿಗಳು ಬೆಳೆದು ಕಪ್ಪು ಲೋಳೆಯಾಗುತ್ತದೆ. ಕಡಲಿನಲ್ಲಿ ಬೋಟು ಅಲುಗಿದಾಗ ಆ ಲೋಳೆ ಎದ್ದು, ಎಳೆತದ ಬಲಕ್ಕೆ ಪೈಪಿನ ಬಾಯಿಗೆ ಅಂಟಿಕೊಳ್ಳುತ್ತದೆ. ಇಂಜಿನ್ ನಿಲ್ಲಿಸಿದಾಗ ಎಳೆತವೂ ನಿಂತು, ಲೋಳೆ ಕಳಚಿ ತಳಕ್ಕೆ ಬೀಳುತ್ತದೆ. ನಿಮ್ಮ ಎರಡು ಗಂಟೆಯ ಕಥೆಗೆ ಇದು ಸರಿಯಾಗಿ ಹೊಂದುತ್ತದೆ. ಇದೇ ಲಕ್ಷಣ ಕೊಡುವ ಇನ್ನೊಂದು ಕಾರಣ ಟ್ಯಾಂಕಿನ ಗಾಳಿಕೊಳವೆ ಮುಚ್ಚಿಕೊಂಡಿರುವುದು. ಹಾಗಾದಾಗ ಡೀಸೆಲ್ ಖಾಲಿಯಾದಂತೆ ಟ್ಯಾಂಕಿನೊಳಗೆ ಒತ್ತಡ ಕುಸಿಯುತ್ತದೆ, ಫೀಡ್ ಪಂಪ್ ಎಳೆಯಲಾರದೆ ಸೋಲುತ್ತದೆ. ಮುಂದಿನ ಬಾರಿ ವೇಗ ಕುಸಿದ ಕೂಡಲೇ ಟ್ಯಾಂಕಿನ ಮುಚ್ಚಳವನ್ನು ಸಡಿಲಿಸಿ ನೋಡಿ. ಗಾಳಿ ಸುಯ್ಯೆಂದು ಒಳಗೆ ನುಗ್ಗಿ ವೇಗ ಮರಳಿದರೆ ಕಾರಣ ಸಿಕ್ಕಂತೆ.

ಐಡ್ಲಿಂಗ್‌ನ ಏರಿಳಿತಕ್ಕೆ ಗಾಳಿ ಸೇರುವ ಜಾಗವನ್ನು ಹುಡುಕಬೇಕು. ಎಳೆತದ ಬದಿಯಲ್ಲಿ, ಅಂದರೆ ಟ್ಯಾಂಕಿನಿಂದ ಫೀಡ್ ಪಂಪಿನವರೆಗೆ, ಸೀಳಿದ್ದರೆ, ಇಂಜಿನ್ ಓಡುವಾಗ ಡೀಸೆಲ್ ಹೊರಗೆ ಸೋರುವುದಿಲ್ಲ, ಗಾಳಿ ಮಾತ್ರ ಒಳಗೆ ಹೋಗುತ್ತದೆ. ಹಾಗಾಗಿ ಪೈಪು ಒಣಗಿದೆ ಎಂದು ಸಮಾಧಾನಪಡುವಂತಿಲ್ಲ. ಫೀಡ್ ಪಂಪಿಗೆ ಡೀಸೆಲ್ ಬರುವ ಪೈಪಿನಲ್ಲಿ ಒಂದು ಗೇಣು ಪಾರದರ್ಶಕ ಹೋಸ್ ಹಾಕಿದರೆ ಗುಳ್ಳೆಗಳು ಕಣ್ಣಿಗೆ ಕಾಣುತ್ತವೆ. ಪರೀಕ್ಷೆ ಮುಗಿದ ಮೇಲೆ ಅದನ್ನು ತೆಗೆದುಬಿಡಿ. ನೀವು ಫಿಲ್ಟರ್ ಬದಲಿಸಿದಾಗ ತಾಮ್ರದ ವಾಷರುಗಳನ್ನು ಹೊಸದು ಹಾಕಿದಿರೋ, ಹಳೆಯದನ್ನೇ ಬಿಗಿದಿರೋ? ಹಿಂದೊಮ್ಮೆ ನಾನು ನೋಡಿಕೊಳ್ಳುತ್ತಿದ್ದ ಬೋಟಿನಲ್ಲಿ ಇದೇ ಏರಿಳಿತ ಕಂಡು, ಪಂಪನ್ನು ಬಿಚ್ಚಿಸಿ ಪಂಪುಗಳನ್ನು ಅಳೆದು ಪರೀಕ್ಷಿಸುವ ಟೆಸ್ಟ್ ಬೆಂಚಿಗೆ ಕಳುಹಿಸಿದ್ದೆ. ಪಂಪಿನಲ್ಲಿ ದೋಷವಿರಲಿಲ್ಲ. ಎರಡನೆಯ ಬಾರಿ ಬಳಸಿದ್ದ ಒಂದು ವಾಷರ್ ಗಾಳಿ ಎಳೆಯುತ್ತಿತ್ತು. ಆ ದಿನಗಳಲ್ಲಿ ಕೆಲಸವಿಲ್ಲದೆ ಧಕ್ಕೆಯಲ್ಲಿ (ಬೋಟು ನಿಲ್ಲುವ ಕಟ್ಟೆಯಲ್ಲಿ) ಕುಳಿತ ಕಲಾಸಿಗಳ, ಅಂದರೆ ಬೋಟಿನ ಕೆಲಸಗಾರರ, ಮುಖ ಇಂದಿಗೂ ನೆನಪಿದೆ. ನಿಮಗೆ ಇಷ್ಟು ವಿವರವಾಗಿ ಬರೆಯಲು ಅದೂ ಒಂದು ಕಾರಣ.

ಕ್ಯಾನಿನಲ್ಲಿಯೂ ಏರಿಳಿತ ಮುಂದುವರಿದರೆ ಮಾತ್ರ ಮುಂದಕ್ಕೆ ಹೋಗಿ. ಆಕ್ಸಿಲರೇಟರ್ ಕೇಬಲನ್ನು ಪಂಪಿನ ಲಿವರಿನಿಂದ ಕಳಚಿ, ಲಿವರನ್ನು ಕೈಯಿಂದ ಸರಿಸಿ ನೋಡಿ. ಉಪ್ಪುಗಾಳಿಗೆ ಒಳಗಿನ ತಂತಿ ತುಕ್ಕು ಹಿಡಿದು ಬಿಗಿಯಾಗಿರುವುದು, ಪಿನ್ನು ಸವೆದು ಸಡಿಲವಾಗಿರುವುದು ನಮ್ಮ ಬೋಟುಗಳಲ್ಲಿ ಸಾಮಾನ್ಯ. ಆನಂತರ ಗವರ್ನರಿಗೆ ಪ್ರತ್ಯೇಕ ಎಣ್ಣೆಯಿದ್ದರೆ ಅದರ ಮಟ್ಟ, ರ‍್ಯಾಕ್ ತಡೆಯಿಲ್ಲದೆ ಸರಿಯುತ್ತದೆಯೇ ಎಂಬುದು, ಸಿಲಿಂಡರಿಗೆ ಡೀಸೆಲ್ ಸಿಂಪಡಿಸುವ ಯಾವುದಾದರೂ ನಾಜಲ್ ದುರ್ಬಲವಾಗಿದೆಯೇ ಎಂಬುದು. ಇವೆಲ್ಲ ಸರಿಯಿದ್ದಾಗ ಪಂಪನ್ನು ಬಿಚ್ಚಿ, ಅಳತೆಯ ಟೆಸ್ಟ್ ಬೆಂಚ್ ಇರುವ ಕಡೆಗೆ ಕಳುಹಿಸಿ. ಬೋಟಿನ ಮೇಲೆ ಕಿವಿಯ ಅಂದಾಜಿನಲ್ಲಿ ಗವರ್ನರ್ ಹೊಂದಿಸುವುದನ್ನು ನಾನು ಒಪ್ಪುವುದಿಲ್ಲ. ಅಳಿವೆ ದಾಟುವಾಗ ಇಂಜಿನ್ ಕೈಕೊಟ್ಟರೆ ಬೋಟಿನ ಗತಿ ಏನೆಂದು ಗಂಗೊಳ್ಳಿಯವರಿಗೆ ನಾನು ಹೇಳಬೇಕಾಗಿಲ್ಲ.

ಒಂದು ಮಾತು ಸೇರಿಸುತ್ತೇನೆ. ನಿಮ್ಮದು ಲಾರಿಯ ಇಂಜಿನ್ನನ್ನು ಬೋಟಿಗೆ ಹೊಂದಿಸಿದ್ದಾದರೆ ಪಂಪಿನಲ್ಲಿ ಯಾವ ಬಗೆಯ ಗವರ್ನರ್ ಇದೆ ಎಂದು ಕೇಳಿ ತಿಳಿಯಿರಿ. ಕೆಲವು ಲಾರಿ ಪಂಪುಗಳ ಗವರ್ನರ್ ಐಡ್ಲಿಂಗ್ ಮತ್ತು ಗರಿಷ್ಠ ವೇಗವನ್ನಷ್ಟೇ ಕಾಯುತ್ತದೆ, ನಡುವಿನದ್ದನ್ನು ಚಾಲಕನ ಕಾಲಿಗೆ ಬಿಡುತ್ತದೆ. ಅಂಥದ್ದು ಬೋಟಿನಲ್ಲಿದ್ದರೆ ಅಲೆಯ ಮೇಲೆ ವೇಗ ಏರಿಳಿಯುವುದು ಕೆಡುಕಲ್ಲ, ಆ ಗವರ್ನರಿನ ಸ್ವಭಾವ.

ಪ್ರಶ್ನೆ: ಮಲ್ಪೆಯಲ್ಲಿ ಹೊಸ ಪ್ರೊಪೆಲ್ಲರ್ ಹಾಕಿಸಿದ ಮೇಲೆ ಪೂರ್ತಿ ಲಿವರ್ ಕೊಟ್ಟರೂ 1,550 ಆರ್‌ಪಿಎಂ ದಾಟುವುದಿಲ್ಲ, ಇಂಜಿನ್ನಿನ ನಿಗದಿತ ವೇಗ 1,800. ಹೊಗೆ ಕಪ್ಪಾಗಿದೆ. ನ್ಯೂಟ್ರಲ್‌ನಲ್ಲಿ 1,950 ಬರುತ್ತದೆ. ಪಂಪಿನಲ್ಲಿ ಡೀಸೆಲ್ ಮಿತಿಯನ್ನು ಹೊಂದಿಸುವ ಸ್ಕ್ರೂ ಹೆಚ್ಚಿಸಿದರೆ ಸರಿಯಾದೀತೇ?

ಉತ್ತರ: ಹೆಚ್ಚಿಸಬೇಡಿ. ನ್ಯೂಟ್ರಲ್‌ನಲ್ಲಿ 1,950 ಬರುತ್ತಿರುವುದರಿಂದ ಕೇಬಲ್ ಮತ್ತು ಗವರ್ನರ್ ಎರಡೂ ಸರಿಯಿವೆ ಎಂದಾಯಿತು. ಹೊರೆಯಿಲ್ಲದಾಗ ನಿಗದಿತ ವೇಗಕ್ಕಿಂತ ಸ್ವಲ್ಪ ಹೆಚ್ಚು ಬರುವುದು ಯಾಂತ್ರಿಕ ಗವರ್ನರಿನ ಸಹಜ ಗುಣ. ಕಪ್ಪು ಹೊಗೆ ಎಂದರೆ ಸಿಗುವ ಗಾಳಿಯಲ್ಲಿ ಉರಿಯಬಲ್ಲದ್ದಕ್ಕಿಂತ ಹೆಚ್ಚು ಡೀಸೆಲ್ ಈಗಾಗಲೇ ಸಿಲಿಂಡರಿಗೆ ಹೋಗುತ್ತಿದೆ ಎಂದರ್ಥ. ಹೊಗೆಯಿಲ್ಲದೆ ವೇಗ ಸೋತಿದ್ದರೆ ಡೀಸೆಲ್ ಕೊರತೆಯನ್ನು ಹುಡುಕಲು ಹೇಳುತ್ತಿದ್ದೆ. ಏರ್ ಫಿಲ್ಟರ್, ಟರ್ಬೊದ (ಇಂಜಿನ್ನಿಗೆ ಹೆಚ್ಚು ಗಾಳಿ ತುಂಬುವ ಸಾಧನ) ಹೋಸ್, ಬೋಟಿನ ತಳಕ್ಕೆ ಅಂಟಿದ ಚಿಪ್ಪುಗಳು, ಶಾಫ್ಟಿಗೆ ಸುತ್ತಿದ ಹಗ್ಗ ಇವುಗಳನ್ನು ಒಮ್ಮೆ ನೋಡಿ. ಬಳಿಕ ಪ್ರೊಪೆಲ್ಲರಿನ ವ್ಯಾಸ ಮತ್ತು ಪಿಚ್ಚನ್ನು (ಒಂದು ಸುತ್ತಿಗೆ ಅದು ಮುಂದೆ ಸಾಗುವ ಲೆಕ್ಕದ ದೂರ) ಹಳೆಯದರೊಂದಿಗೆ ಅಳೆದು ಹೋಲಿಸಿ. ಪಿಚ್ ಹೆಚ್ಚಿದ್ದರೆ ಇಂಜಿನ್ನಿನ ಮೇಲೆ ಹೊರೆ ಮೀರುತ್ತದೆ, ಆಗ ಅದನ್ನು ತಗ್ಗಿಸಿಕೊಡುವಂತೆ ಮಾರಿದವರನ್ನು ಕೇಳುವುದೇ ದಾರಿ. ಹೊರೆ ಮೀರಿದ ಇಂಜಿನ್ನಿಗೆ ಇನ್ನಷ್ಟು ಡೀಸೆಲ್ ಸುರಿದರೆ ವಾಲ್ವು, ಪಿಸ್ಟನ್ ಸುಡುತ್ತವೆ.

ಪ್ರಶ್ನೆ: ಹೊನ್ನಾವರದ ಬಳಿ ನಮ್ಮ ಇಂಜಿನ್ ಲಿವರ್ ಇಳಿಸಿದರೂ ತಾನಾಗಿ ವೇಗ ಏರಿಸಿಕೊಳ್ಳುತ್ತಾ ಹೋಯಿತು. ಸ್ಟಾಪ್ ಕೇಬಲ್ ಎಳೆದರೂ ನಿಲ್ಲಲಿಲ್ಲ. ಬಹಳ ಹೊತ್ತಿನ ಮೇಲೆ ತಾನೇ ನಿಂತಿತು. ಮತ್ತೆ ಹೀಗಾದರೆ ಏನು ಮಾಡಬೇಕು?

ಉತ್ತರ: ನಿಮ್ಮ ಜನರಿಗೆ ಪೆಟ್ಟಾಗಲಿಲ್ಲ ಎಂದು ನಂಬಿದ್ದೇನೆ. ಇಂಥ ಸಮಯದಲ್ಲಿ ಮೊದಲು ಪಂಪಿನ ಸ್ಟಾಪ್ ಲಿವರನ್ನೇ ನೇರವಾಗಿ ಒತ್ತಿ ನೋಡಬೇಕು, ಏಕೆಂದರೆ ಕೇಬಲ್ ತುಂಡಾಗಿರಬಹುದು. ಅದಕ್ಕೂ ಜಗ್ಗದಿದ್ದರೆ ಗಾಳಿಯ ದಾರಿಯನ್ನು ಮುಚ್ಚಬೇಕು. ಇಂಜಿನ್ ತನ್ನದೇ ಆಯಿಲನ್ನು ಉರಿಸಿಕೊಂಡು ಓಡುತ್ತಿದ್ದರೆ ಡೀಸೆಲ್ ಬಂದ್ ಮಾಡಿ ಪ್ರಯೋಜನವಿಲ್ಲ. ಗಾಳಿ ಒಳಸೇರುವ ಬಾಯಿಯ ಅಳತೆಗೆ ಕತ್ತರಿಸಿದ ದಪ್ಪ ಹಲಗೆಯೊಂದು ಇಂಜಿನ್ ಕೋಣೆಯ ಬಾಗಿಲ ಬಳಿ ಸದಾ ಇರಲಿ. ಬರಿಗೈಯಿಂದ ಅಥವಾ ಬಟ್ಟೆಯ ತುಂಡಿನಿಂದ ಮುಚ್ಚಲು ಯಾರೂ ಹೋಗಬಾರದು. ಆ ಎಳೆತಕ್ಕೆ ಕೈಯೂ ಬಟ್ಟೆಯೂ ಒಳಗೆ ಹೋಗುತ್ತವೆ. ವೇಗ ಮಿತಿ ಮೀರಿದ್ದರೆ ಕೋಣೆಗೆ ಇಳಿಯುವುದೇ ಬೇಡ, ಎಲ್ಲರನ್ನೂ ದೂರ ಕರೆಯಿರಿ.

ಈಗ ಡಿಪ್‌ಸ್ಟಿಕ್ ಎಳೆದು ನೋಡಿ. ಆಯಿಲ್ ಮಟ್ಟ ಮೇಲಿನ ಗುರುತನ್ನು ದಾಟಿದ್ದು, ತೆಳ್ಳಗಾಗಿ ಡೀಸೆಲ್ ವಾಸನೆ ಬರುತ್ತಿದ್ದರೆ, ಫೀಡ್ ಪಂಪಿನಿಂದಲೋ ಇಂಜೆಕ್ಷನ್ ಪಂಪಿನ ಸೀಲಿನಿಂದಲೋ ಡೀಸೆಲ್ ಸಂಪಿಗೆ, ಅಂದರೆ ಆಯಿಲ್ ತೊಟ್ಟಿಗೆ, ಇಳಿಯುತ್ತಿರುವ ಸಾಧ್ಯತೆ ಹೆಚ್ಚು. ಟರ್ಬೊ ಇದ್ದರೆ ಅದರ ಸೀಲನ್ನೂ ಪರೀಕ್ಷಿಸಿ, ಗಾಳಿಯ ಪೈಪಿನಲ್ಲಿ ಆಯಿಲ್ ನಿಂತಿದೆಯೇ ಎಂದು ನೋಡಿ. ರ‍್ಯಾಕ್ ಪೂರ್ತಿ ತೆರೆದ ಸ್ಥಿತಿಯಲ್ಲಿ ಸಿಕ್ಕಿಕೊಂಡಿದೆಯೇ ಎಂಬುದನ್ನೂ ಪಂಪಿನ ತಜ್ಞರಿಂದ ನೋಡಿಸಬೇಕು. ಕಾರಣ ಸಿಕ್ಕಿ, ಆಯಿಲ್ ಬದಲಾಗುವವರೆಗೆ ಆ ಇಂಜಿನ್ನನ್ನು ಧಕ್ಕೆಯಲ್ಲಿಯೂ ಚಾಲೂ ಮಾಡಬೇಡಿ.